ತೀರಿಹೋದವರ ಋಣದ ಲೆಕ್ಕ

1974ರ ಮಾರ್ಚ್ 17ರಂದು ನ್ಯೂಯಾರ್ಕಿನ ಪೆನ್ ಸ್ಟೇಷನ್ ಎಂಬ ರೈಲು ನಿಲ್ದಾಣದ ಶೌಚಾಲಯದಲ್ಲಿ 73 ವರ್ಷದ ಪ್ರಯಾಣಿಕರೊಬ್ಬರು ಹೃದಯಾಘಾತದಿಂದ ಕುಸಿದು ತೀರಿಕೊಂಡರು. ಅಹಮದಾಬಾದಿನಿಂದ ಹಿಂದಿರುಗಿ, ತಮ್ಮ ಊರು ಫಿಲಡೆಲ್ಫಿಯಾದ ರೈಲು ಹಿಡಿಯಲು ಬಂದಿದ್ದವರು ಅವರು. ಜೊತೆಗೆ ಪಾಸ್‌ಪೋರ್ಟೇನೋ ಇತ್ತು, ಆದರೆ ಅದರಲ್ಲಿದ್ದ ಮನೆಯ ವಿಳಾಸದ ಮೇಲೆ ಗೀಟು ಎಳೆಯಲಾಗಿತ್ತು. ಹೀಗಾಗಿ ಇಪ್ಪತ್ತನೆಯ ಶತಮಾನದ ದೊಡ್ಡ ವಾಸ್ತುಶಿಲ್ಪಿಗಳಲ್ಲಿ ಒಬ್ಬರಾದ ಲೂಯಿ ಕಾನ್ ಅವರ ದೇಹ ಕೇಳುವವರಿಲ್ಲದೆ ಕೆಲವು ದಿನ ನಗರದ ಶವಾಗಾರದಲ್ಲಿ ಉಳಿಯಿತು. ಸುದ್ದಿ ತಿಳಿದ ಮೇಲೆ 'ನ್ಯೂಯಾರ್ಕ್ ಟೈಮ್ಸ್' ಮುಖಪುಟದಲ್ಲೇ ನಿಧನವಾರ್ತೆ ಹಾಕಿತು. ನಮ್ಮ ಪತ್ರಿಕೆಗಳಲ್ಲಿ ಇರುವಂತೆಯೇ ಅದರ ಕೊನೆಯಲ್ಲೂ ಮೃತರು ಯಾರನ್ನು ಅಗಲಿದ್ದಾರೆ ಎಂಬ ವಿವರವಿತ್ತು: ಪತ್ನಿ ಮತ್ತು ಒಬ್ಬ ಮಗಳು. ಬೇರೆ ಇಬ್ಬರು ಸಂಗಾತಿಗಳಿಂದ ಕಾನ್ ಅವರಿಗೆ ಇನ್ನೊಬ್ಬ ಮಗಳೂ ಒಬ್ಬ ಮಗನೂ ಇದ್ದರು. ಆ ಸಾಲಿನಲ್ಲಿ ಅವರಿಬ್ಬರೂ ಇರಲಿಲ್ಲ. ಮಗ ನಥಾನಿಯಲ್‌ಗೆ ಆಗ 11 ವರ್ಷ.

ಆ ಮಗ ದೊಡ್ಡವನಾಗಿ, ಐದು ವರ್ಷ ದುಡಿದು, 2003ರಲ್ಲಿ 'ಮೈ ಆರ್ಕಿಟೆಕ್ಟ್' ಎಂಬ ಸಾಕ್ಷ್ಯಚಿತ್ರ ಮಾಡಿದ. ತೀರಿಕೊಂಡ ತಂದೆಯನ್ನೋ ತಾಯಿಯನ್ನೋ ಕ್ಯಾಮೆರಾ ಹಿಡಿದು ಹುಡುಕಿಕೊಂಡು ಹೋಗುವ ಸಿನಿಮಾ ಪರಂಪರೆಯಲ್ಲಿ ಇದು ಬಹಳ ಹೆಸರಾದ ಕೃತಿ. ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿದ್ದೂ ಹೌದು. ಇಂಥ ಚಿತ್ರಗಳನ್ನು ನಾವು ಸಾಮಾನ್ಯವಾಗಿ ಶೋಕದ ಅಭಿವ್ಯಕ್ತಿ ಎಂದು ನೋಡುತ್ತೇವೆ. ಮಕ್ಕಳು ಪಿತೃಋಣ ತೀರಿಸಿದರು, ಮನಸ್ಸು ಹಗುರ ಮಾಡಿಕೊಂಡರು ಎಂದು ಕಣ್ಣೊರೆಸಿಕೊಂಡು ಎದ್ದುಬರುತ್ತೇವೆ. ಆದರೆ ಈ ಪರಂಪರೆಯ ಚರಿತ್ರೆಯನ್ನು ಸಾಲಾಗಿ ನೋಡಿದರೆ ಬೇರೆಯದೇ ಒಂದು ಸಂಗತಿ ಕಾಣುತ್ತದೆ ಎಂಬುದು ನನ್ನ ವಾದ. ಋಣ ತೀರಿಸಲು ಹೊರಟ ಮಕ್ಕಳ ಕೈಗೆ ಸಿಗುವುದು ಆ ತಂದೆತಾಯಿಯೇ ತೀರಿಸದೆ ಬಿಟ್ಟುಹೋದ ಋಣದ ಲೆಕ್ಕ. ಆ ಬದುಕು ಯಾರ ಹೆಗಲ ಮೇಲೆ ನಿಂತಿತ್ತು, ಅದಕ್ಕೆ ಬೆಲೆ ತೆತ್ತವರು ಯಾರು, ಯಾರ ಹೆಸರು ನಿಧನವಾರ್ತೆಯಿಂದ ಬಿಟ್ಟುಹೋಯಿತು ಎಂಬ ಲೆಕ್ಕ ಅದು. ಈ ಲೆಕ್ಕವನ್ನು ಬಯಲಿಗೆ ತರುವುದರಿಂದಲೇ ಇಂಥ ಚಿತ್ರಗಳು ಖಾಸಗಿ ಸಂಕಟವನ್ನು ದಾಟಿ ಚರಿತ್ರೆಯಾಗುತ್ತವೆ.

ಮೊದಲು ಈ ಪದ್ಧತಿ ಬೆಳೆದ ಬಗೆ ನೋಡೋಣ. ಕೊಡಾಕ್ ಕಂಪನಿ 1923ರಲ್ಲಿ 16 ಮಿಲಿಮೀಟರ್ ಫಿಲ್ಮನ್ನೂ ಅದಕ್ಕೆ ತಕ್ಕ ಕ್ಯಾಮೆರಾವನ್ನೂ ಮಾರುಕಟ್ಟೆಗೆ ತಂದಾಗ ಸಿನಿಮಾ ಮೊದಲ ಬಾರಿ ಉಳ್ಳವರ ಮನೆಯೊಳಗೆ ಕಾಲಿಟ್ಟಿತು. 1932ರಲ್ಲಿ 8 ಮಿಲಿಮೀಟರ್, 1965ರಲ್ಲಿ ಸೂಪರ್ 8 ಬಂದು ಖರ್ಚು ಇಳಿಯಿತು, ಮಧ್ಯಮ ವರ್ಗಕ್ಕೂ ಕ್ಯಾಮೆರಾ ಸಿಕ್ಕಿತು. ಅಮೆರಿಕ, ಯುರೋಪಿನ ಮನೆಗಳ ಅಟ್ಟದ ಮೇಲೆ ಹೀಗೆ ಕೋಟಿಗಟ್ಟಲೆ ಅಡಿ ಫಿಲ್ಮು ಶೇಖರವಾಯಿತು. ಅದರಲ್ಲಿ ಇರುವುದು ಹುಟ್ಟುಹಬ್ಬ, ಕ್ರಿಸ್‌ಮಸ್, ಕಡಲತೀರ, ಹೊಸ ಕಾರು. ಜಗಳ, ಕಾಯಿಲೆ, ಸಾಲಗಾರರು, ಸಾವಿನ ಮನೆ ಅದರಲ್ಲಿ ಇರುವುದು ಅಪರೂಪ. ಇನ್ನೂ ಒಂದು ಗಮನಿಸಬೇಕಾದ ಸಂಗತಿಯಿದೆ. ಕ್ಯಾಮೆರಾ ಹಿಡಿಯುತ್ತಿದ್ದವನು ಹೆಚ್ಚಾಗಿ ಅಪ್ಪ. ಹಾಗಾಗಿ ಮನೆಯವರೆಲ್ಲ ನಗುತ್ತ ಕೈಬೀಸುವ ಆ ರೀಲುಗಳಲ್ಲಿ ಅಪ್ಪನೇ ಇರುವುದಿಲ್ಲ. ಮುಂದೆ ಮಕ್ಕಳು ಆ ರೀಲು ಬಿಚ್ಚಿ ನೋಡಿದಾಗ ಕಾಣುವುದು ಅಪ್ಪ ಕಂಡ ಲೋಕ. ಅಪ್ಪ ಎಂಥವನು ಎಂದು ತಿಳಿಯಬೇಕಾದರೆ ರೀಲಿನ ಹೊರಗೇ ಹುಡುಕಬೇಕು.

ಹುಡುಕುವ ಸಾಧನ ಒದಗಿದ್ದು 1960ರ ಆಸುಪಾಸಿನಲ್ಲಿ. ಹೆಗಲ ಮೇಲೆ ಹೊರಬಹುದಾದ ಕ್ಯಾಮೆರಾ ಮತ್ತು ಅದರೊಂದಿಗೆ ಕೂಡಿ ನಡೆಯುವ ನಾಗ್ರಾದಂಥ ಧ್ವನಿಮುದ್ರಣ ಯಂತ್ರ ಬಂದವು. ರಿಚರ್ಡ್ ಲೀಕಾಕ್, ಪೆನ್ನಿಬೇಕರ್ ಮುಂತಾದವರು ಘಟನೆಯ ನಡುವೆ ನಿಂತು, ಬಾಯಿ ಬಿಡದೆ, ಪ್ರಶ್ನೆ ಕೇಳದೆ, ಕಂಡದ್ದನ್ನು ಹಿಡಿಯುವ ಶೈಲಿ ಕಟ್ಟಿದರು. ನಿರ್ದೇಶಕ ಅಲ್ಲಿ ಇಲ್ಲವೇನೋ ಎಂಬಂತೆ ಇರಬೇಕೆಂಬುದು ಅವರ ನೇಮ. ಒಂದು ದಶಕ ಕಳೆಯುವಷ್ಟರಲ್ಲಿ ಆ ನೇಮದ ಬಗ್ಗೆಯೇ ಅನುಮಾನ ಎದ್ದಿತು. ಕ್ಯಾಮೆರಾ ಹಿಡಿದವರಿಗೂ ಒಂದು ಮನೆ, ಒಂದು ಪಕ್ಷಪಾತ, ಒಂದು ನೋವು ಇರುವಾಗ ಅದನ್ನು ಮುಚ್ಚಿಡುವುದು ಯಾವ ಸತ್ಯ ಎಂದು ಕೇಳಿದವರಲ್ಲಿ ಹೆಂಗಸರು ಮುಂದಿದ್ದರು. ಅಮಲಿ ರಾತ್‌ಚೈಲ್ಡ್ 1974ರಲ್ಲಿ ತಮ್ಮ ಅಜ್ಜಿ, ತಾಯಿ ಮತ್ತು ತಮ್ಮನ್ನೇ ವಸ್ತುವಾಗಿಸಿಕೊಂಡು 'ನಾನಾ, ಮಾಮ್ ಅಂಡ್ ಮಿ' ಮಾಡಿದರು. ಮನೆವಾರ್ತೆಗಾಗಿ ಹಿಂದಿನ ತಲೆಮಾರಿನ ಹೆಂಗಸರು ಏನೇನು ಬಿಟ್ಟುಕೊಟ್ಟರು ಎಂಬ ಪ್ರಶ್ನೆ ಅಂಥ ಚಿತ್ರಗಳ ಬೆನ್ನೆಲುಬು. ಹೀಗಾಗಿ ಋಣದ ಲೆಕ್ಕ ಈ ಪ್ರಕಾರಕ್ಕೆ ಆಮೇಲೆ ಬಂದು ಸೇರಿದ್ದೇನಲ್ಲ. ಅದು ಮೊದಲಿನಿಂದಲೂ ಒಳಗಿತ್ತು. ತೊಂಬತ್ತರ ದಶಕದಲ್ಲಿ ಅಗ್ಗದ ಡಿಜಿಟಲ್ ವಿಡಿಯೊ ಕ್ಯಾಮೆರಾ ಬಂದಮೇಲೆ ಆ ಪ್ರಶ್ನೆ ಕೇಳಲು ದೊಡ್ಡ ತಂಡವಾಗಲಿ ದೊಡ್ಡ ದುಡ್ಡಾಗಲಿ ಬೇಕಾಗಲಿಲ್ಲ.

ಈಗ ಕಾನ್ ಅವರ ಮಗನ ಚಿತ್ರಕ್ಕೆ ಮರಳೋಣ. ಐ. ಎಂ. ಪೇ, ಫಿಲಿಪ್ ಜಾನ್ಸನ್, ಫ್ರಾಂಕ್ ಗೆರಿಯಂಥ ವಾಸ್ತುಶಿಲ್ಪಿಗಳು ಅಲ್ಲಿ ಕಾನ್ ಅವರ ಪ್ರತಿಭೆಯನ್ನು ಕೊಂಡಾಡುತ್ತಾರೆ. ಅದಕ್ಕೆ ಮಗನೇ ಹೋಗಬೇಕಿರಲಿಲ್ಲ. ಯಾವ ಪತ್ರಕರ್ತ ಹೋಗಿದ್ದರೂ ಆಗುತ್ತಿತ್ತು. ಮಗ ಹೋದದ್ದರಿಂದಲೇ ತೆರೆದುಕೊಂಡ ಬಾಗಿಲು ಬೇರೆ. ಆನ್ ಟಿಂಗ್ ಎಂಬ ವಾಸ್ತುಶಿಲ್ಪಿ 1945ರಿಂದ ಕಾನ್ ಜೊತೆ ಕೆಲಸ ಮಾಡಿದವರು, ಹಾರ್ವರ್ಡಿನಲ್ಲಿ ವಾಸ್ತುಶಿಲ್ಪ ಪದವಿ ಪಡೆದ ಮೊದಲ ಹೆಂಗಸರಲ್ಲಿ ಒಬ್ಬರು. ಕಾನ್ ತಮ್ಮದೇ ದಾರಿ ಕಂಡುಕೊಂಡರೆಂದು ಪಂಡಿತರು ಗುರುತಿಸುವ ಟ್ರೆಂಟನ್ ಸ್ನಾನಗೃಹದ ವಿನ್ಯಾಸದ ಹಿಂದೆ ಆಕೆಯ ಜ್ಯಾಮಿತಿಯ ಚಿಂತನೆ ಇತ್ತು. ಬಸುರಿಯಾದಾಗ ಊರಿನ ಬಾಯಿಗೆ ಬೀಳಬಾರದೆಂದು 1953ರಲ್ಲಿ ರೋಮ್‌ಗೆ ಹೋಗಿ ಅಲ್ಲಿ ಮಗಳನ್ನು ಹೆತ್ತರು. ನಥಾನಿಯಲ್‌ನ ತಾಯಿ ಹ್ಯಾರಿಯಟ್ ಪ್ಯಾಟಿಸನ್ ಉದ್ಯಾನ ಮತ್ತು ಭೂದೃಶ್ಯದ ವಿನ್ಯಾಸಕಿ. ಫೋರ್ಟ್‌ವರ್ತ್‌ನ ಕಿಂಬೆಲ್ ಕಲಾ ಸಂಗ್ರಹಾಲಯದ ಸುತ್ತಣ ನೆಲದ ವಿನ್ಯಾಸದಲ್ಲಿ ದುಡಿದವರು. ಈ ಇಬ್ಬರ ಪ್ರೀತಿ ಹೇಗೆ ಗುಟ್ಟಾಗಿ ಉಳಿಯಿತೋ ಇವರ ಕೆಲಸವೂ ಹಾಗೆಯೇ ಒಬ್ಬ ಮಹಾನುಭಾವನ ಹೆಸರಿನ ಕೆಳಗೆ ಬಹುಕಾಲ ಮರೆಯಾಗಿತ್ತು.

ಗೀಟು ಎಳೆದ ವಿಳಾಸದ ಅರ್ಥವನ್ನು ಚಿತ್ರ ಈ ಹೆಂಗಸರ ಮುಂದೆಯೇ ಇಡುತ್ತದೆ. ಕಾನ್ ಹೆಂಡತಿಯನ್ನು ಬಿಟ್ಟು ತಮ್ಮ ಹತ್ತಿರ ಬರಲು ನಿರ್ಧರಿಸಿದ್ದರು, ಅದಕ್ಕೇ ಹಳೆಯ ವಿಳಾಸ ಹೊಡೆದುಹಾಕಿದ್ದರು ಎಂದು ಹ್ಯಾರಿಯಟ್ ನಂಬಿದ್ದರು. ಮಗನಿಗೆ ಅಷ್ಟು ನಂಬಿಕೆಯಿಲ್ಲ. ವಾರಕ್ಕೊಮ್ಮೆ ಬಂದುಹೋಗುತ್ತಿದ್ದ ಅಪ್ಪನನ್ನು ಕಂಡು ಬೆಳೆದವನು ಅವನು. ಪಾಸ್‌ಪೋರ್ಟಿನ ಮೇಲಿನ ಒಂದು ಗೀಟಿನಿಂದ ಕಾನ್ ಅವರ ಮನಸ್ಸಿನಲ್ಲಿ ಏನಿತ್ತೆಂದು ಯಾರೂ ಸಾಬೀತು ಮಾಡಲಾರರು. ಆದರೆ ಅದೇ ಗೀಟನ್ನು ಎದೆಗವಚಿಕೊಂಡು ಒಬ್ಬ ಹೆಂಗಸು ಮೂರು ದಶಕ ಬದುಕಿದ್ದು ಸಾಬೀತಾಗುತ್ತದೆ. ಸತ್ತವರ ಬಗ್ಗೆ ಅನಿಶ್ಚಿತವಾಗಿ ಉಳಿಯುವ ಸಾಕ್ಷ್ಯ ಬದುಕಿದ್ದವರ ಬಗ್ಗೆ ನಿಖರವಾಗುವುದು ಹೀಗೆ.

ಚಿತ್ರದ ಕೊನೆಯ ಭಾಗ ಢಾಕಾದಲ್ಲಿದೆ. ಅಲ್ಲಿನ ಸಂಸತ್ ಭವನದ ಕೆಲಸ ಕಾನ್ ಅವರಿಗೆ ಬಂದದ್ದು 1962ರಲ್ಲಿ, ಅದು ಇನ್ನೂ ಪೂರ್ವ ಪಾಕಿಸ್ತಾನವಾಗಿದ್ದಾಗ. ನಡುವೆ 1971ರ ಯುದ್ಧ ಬಂತು, ದೇಶವೇ ಬದಲಾಯಿತು, ವಾಸ್ತುಶಿಲ್ಪಿ ತೀರಿಕೊಂಡರು. ಕಟ್ಟಡ ಪೂರ್ತಿಯಾದದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ದೊಡ್ಡ ಯಂತ್ರಗಳಿಲ್ಲದ ನೆಲದಲ್ಲಿ ಬಿದಿರಿನ ಸಾರುವೆ ಕಟ್ಟಿ, ಕಾಂಕ್ರೀಟಿನ ಬಾಣಲೆಯನ್ನು ತಲೆಯ ಮೇಲೆ ಹೊತ್ತು ಅದನ್ನು ಎಬ್ಬಿಸಿದವರು ಸಾವಿರಾರು ಕೂಲಿಗಳು. ಗೋಡೆಯ ಉದ್ದಕ್ಕೂ ಐದೈದು ಅಡಿಗೆ ಒಂದರಂತೆ ಬಿಳಿ ಅಮೃತಶಿಲೆಯ ಪಟ್ಟಿಗಳಿವೆ. ಒಂದು ಸಲಕ್ಕೆ ಐದು ಅಡಿ ಕಾಂಕ್ರೀಟ್ ಸುರಿದು ನಿಲ್ಲಿಸಿದ ಮೇಲೆ ಉಳಿಯುವ ಒರಟು ಸಂದನ್ನು ಆ ಪಟ್ಟಿ ಮುಚ್ಚುತ್ತದೆ. ಕೂಲಿಯವರ ದುಡಿಮೆಯ ಅಳತೆಯೇ ಕಟ್ಟಡದ ಅಲಂಕಾರವಾಗಿ ನಿಂತಿದೆ. ಅಲ್ಲಿ ವಾಸ್ತುಶಿಲ್ಪಿ ಶಂಸುಲ್ ವಾರೆಸ್ ಕಣ್ಣೀರು ಹಾಕುತ್ತ, ಈ ಬಡ ದೇಶಕ್ಕೆ ಪ್ರಜಾಪ್ರಭುತ್ವದ ಮನೆ ಕಟ್ಟಿಕೊಟ್ಟವರು ತಮ್ಮ ಹತ್ತಿರದವರಿಗೆ ಪ್ರೀತಿ ಕೊಡಲಾಗದೆ ಹೋಗಿರಬಹುದು ಎಂಬ ಅರ್ಥದ ಮಾತಾಡುತ್ತಾರೆ. ಅನೇಕರು ಇದನ್ನು ಕ್ಷಮಾಪಣೆ ಎಂದು ಓದಿದ್ದಾರೆ. ನನಗೆ ಇದು ಲೆಕ್ಕಪತ್ರದಂತೆ ಕೇಳಿಸುತ್ತದೆ. ಒಂದು ಕಡೆ ಜಮೆಯಾದದ್ದು ಇನ್ನೊಂದು ಕಡೆ ಖರ್ಚಾಗಿತ್ತು, ಆ ಖರ್ಚು ಬಿದ್ದದ್ದು ಮೂರು ಮನೆಗಳ ಮೇಲೆ. ನಮಗೂ ಈ ಲೆಕ್ಕದಲ್ಲಿ ಒಂದು ಪಾಲಿದೆ. ಕಾನ್ ಅವರನ್ನು ಅಹಮದಾಬಾದಿನ ಐಐಎಂ ಕಟ್ಟಡಕ್ಕೆ ಕರೆತಂದವರು ಬಿ. ವಿ. ದೋಶಿ. ಈ ಚಿತ್ರದಲ್ಲಿ ಅವರೂ ಮಾತಾಡುತ್ತಾರೆ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಐಐಎಂನ ಕಲ್ಲಿನ ಪಡಸಾಲೆಗಳನ್ನು ಆಮೇಲೆ ರೂಪಿಸಿದವರು ಅದೇ ದೋಶಿ.

ಒಂದೇ ಚಿತ್ರದಿಂದ ಇಷ್ಟು ದೊಡ್ಡ ಮಾತು ಹೇಳಬಹುದೇ ಎನ್ನುವವರಿಗೆ ಇನ್ನೊಂದು ಉದಾಹರಣೆ ಕೆನಡಾದಿಂದ. ಸಾರಾ ಪೋಲಿಯ ತಾಯಿ ಡಯೇನ್ 1990ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಮಗಳಿಗೆ ಆಗ 11 ವರ್ಷ. 2012ರ 'ಸ್ಟೋರೀಸ್ ವಿ ಟೆಲ್' ಚಿತ್ರದಲ್ಲಿ ಆಕೆ ಅಣ್ಣಂದಿರು, ಅಕ್ಕಂದಿರು, ತಾಯಿಯ ಗೆಳೆಯ ಗೆಳತಿಯರನ್ನೆಲ್ಲ ಕೂರಿಸಿ ಅಮ್ಮನ ಕತೆ ಹೇಳಿಸುತ್ತಾರೆ. ತನ್ನನ್ನು ಸಾಕಿ ಬೆಳೆಸಿದ ಮೈಕೆಲ್ ಪೋಲಿ ತನ್ನ ಜನ್ಮದಾತರಲ್ಲ, ನಿರ್ಮಾಪಕ ಹ್ಯಾರಿ ಗಲ್ಕಿನ್ ಎಂಬುವರು ತನ್ನ ಜನ್ಮದಾತ ಎಂಬ ಸತ್ಯ ಚಿತ್ರದ ನಡುವಿನಲ್ಲಿದೆ. ಗುಟ್ಟು ರಟ್ಟಾದದ್ದಷ್ಟೇ ಆಗಿದ್ದರೆ ಇದು ಒಂದು ಮನೆಯ ಮಾತಾಗಿ ಮುಗಿಯುತ್ತಿತ್ತು. ಆದರೆ ಡಯೇನ್ ಮೊದಲ ಮದುವೆ ಮುರಿದುಕೊಂಡಾಗ, ಪರಪುರುಷನ ಸಂಗದ ಕಾರಣಕ್ಕೆ ಇಬ್ಬರು ಮಕ್ಕಳನ್ನು ತಮ್ಮ ಬಳಿ ಇಟ್ಟುಕೊಳ್ಳುವ ಹಕ್ಕನ್ನು ನ್ಯಾಯಾಲಯದಲ್ಲಿ ಕಳೆದುಕೊಂಡದ್ದು ಅಲ್ಲಿ ಹೊರಬರುತ್ತದೆ. ಅರವತ್ತರ ದಶಕದ ಕಾನೂನು ಒಬ್ಬ ತಾಯಿಯಿಂದ ಕಿತ್ತುಕೊಂಡದ್ದು ಏನೆಂಬುದು ಆ ಇಬ್ಬರು ಮಕ್ಕಳ ಮುಖದಲ್ಲಿ ಕಾಣುತ್ತದೆ. ಅವರೂ ಚಿತ್ರದಲ್ಲಿ ಮಾತಾಡಿದ್ದಾರೆ. ಇನ್ನು ಮೈಕೆಲ್. ಧ್ವನಿಮುದ್ರಣದ ಕೋಣೆಯಲ್ಲಿ ತಾವೇ ಬರೆದ ಕತೆಯನ್ನು ಓದುತ್ತಿದ್ದಾರೆ. ಗಾಜಿನಾಚೆ ಕೂತ ಮಗಳು ನಡುವೆ ತಡೆದು, ಆ ಸಾಲನ್ನು ಇನ್ನೊಮ್ಮೆ ಓದಿ ಎನ್ನುತ್ತಾಳೆ. ಅವರು ಹಿಂದಕ್ಕೆ ಹೋಗಿ ಓದುತ್ತಾರೆ. ಹೆಂಡತಿಯ ಗುಟ್ಟನ್ನು ತಾನೇ ಓದಬೇಕಾಗಿ ಬಂದ ಗಂಡ, ರಕ್ತಸಂಬಂಧವಿಲ್ಲದ ಮಗಳು ಕೇಳಿದಳೆಂದು ಅದನ್ನು ಎರಡೆರಡು ಸಲ ಓದುವುದನ್ನು ನೋಡಿದಾಗ ಸಾಕಿದ ಋಣ ಎಂಬ ನಮ್ಮ ಮಾತಿನ ಭಾರ ತಿಳಿಯುತ್ತದೆ.

ಮನೆಯ ಲೆಕ್ಕ ದೇಶದ ಲೆಕ್ಕವಾಗುವುದು ಜರ್ಮನಿ ಮತ್ತು ಅರ್ಜೆಂಟೀನಾದ ಚಿತ್ರಗಳಲ್ಲಿ. ಹಾನ್ಸ್ ಲೂಡಿನ್ 1941ರಿಂದ ಸ್ಲೊವಾಕಿಯಾದಲ್ಲಿ ಹಿಟ್ಲರನ ರಾಯಭಾರಿ. 1942ರಲ್ಲಿ ಆ ದೇಶದಿಂದ ಸುಮಾರು 58,000 ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸಲಾಯಿತು. ಯುದ್ಧದ ನಂತರ, 1947ರಲ್ಲಿ, ಲೂಡಿನ್‌ಗೆ ಬ್ರಾಟಿಸ್ಲಾವಾದಲ್ಲಿ ಮರಣದಂಡನೆಯಾಯಿತು. ಕಿರಿಯ ಮಗ ಮಾಲ್ಟೆ ಲೂಡಿನ್, ತಾಯಿ ತೀರಿಕೊಂಡ ಮೇಲೆಯೇ ಕ್ಯಾಮೆರಾ ಎತ್ತಿಕೊಂಡು, 2005ರಲ್ಲಿ ಅಪ್ಪನ ಬಗ್ಗೆ ಚಿತ್ರ ಹೊರತಂದರು. ಅಪ್ಪನ ಸಹಿಯಿದ್ದ ಕಾಗದಗಳು ದಫ್ತರಖಾನೆಯಲ್ಲಿ ಯಾರಿಗೆ ಬೇಕಾದರೂ ಸಿಗುತ್ತಿದ್ದವು. ಸಿಗದೆ ಇದ್ದದ್ದು ಆ ಕಾಗದಗಳ ಮುಂದೆಯೂ, ಅಪ್ಪನಿಗೆ ಏನೂ ಗೊತ್ತಿರಲಿಲ್ಲ ಎಂದು ಹಟ ಹಿಡಿಯುವ ಅಕ್ಕನ ದನಿ. ಒಂದು ಸಮಾಜ ತನ್ನ ಅಪರಾಧವನ್ನು ಊಟದ ಮೇಜಿನ ಸುತ್ತ ಹೇಗೆ ಅರವತ್ತು ವರ್ಷ ಮುಚ್ಚಿಟ್ಟಿತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಯಾವ ಕಚೇರಿಯಲ್ಲೂ ಇಲ್ಲ. ಅರ್ಜೆಂಟೀನಾದ ಅಲ್ಬರ್ತಿನಾ ಕಾರ್ರಿಯ ತಂದೆತಾಯಿಯನ್ನು ಸೇನಾಡಳಿತ 1977ರ ಫೆಬ್ರುವರಿಯಲ್ಲಿ ಹಿಡಿದೊಯ್ದಿತು. ಅವರು ಮತ್ತೆ ಬರಲಿಲ್ಲ. ಆಕೆಗಾಗ ನಾಲ್ಕೂ ತುಂಬಿರಲಿಲ್ಲ. 2003ರ 'ಲೋಸ್ ರೂಬಿಯೋಸ್', ಅಂದರೆ 'ಹೊಂಬಣ್ಣದ ಕೂದಲಿನವರು', ಎಂಬ ಚಿತ್ರದಲ್ಲಿ ಹಳೆಯ ಬೀದಿಯ ನೆರೆಯಾಕೆ ಆ ಮನೆಯವರೆಲ್ಲ ಹೊಂಬಣ್ಣದ ಕೂದಲಿನವರು ಎನ್ನುತ್ತಾಳೆ. ಅವರು ಹಾಗಿರಲಿಲ್ಲ. ಆ ತಪ್ಪು ನೆನಪು ತಂದೆತಾಯಿಯ ಬಗ್ಗೆ ಏನೂ ಹೇಳುವುದಿಲ್ಲ, ಬೀದಿಯ ಬಗ್ಗೆ ಎಲ್ಲವನ್ನೂ ಹೇಳುತ್ತದೆ: ಕಾರ್ಮಿಕರ ಕೇರಿಗೆ ಬಂದು ನೆಲೆಸಿದ ಆ ವಿದ್ಯಾವಂತ ಕ್ರಾಂತಿಕಾರಿಗಳನ್ನು ನೆರೆಹೊರೆ ತಮ್ಮವರೆಂದು ಎಣಿಸಿರಲೇ ಇಲ್ಲ.

ಈ ವಾದಕ್ಕೆ ಮೂರು ಆಕ್ಷೇಪಗಳು ಏಳುವುದು ಸಹಜ. ಮೊದಲನೆಯದು ಪಕ್ಷಪಾತದ್ದು. ಹೆತ್ತ ಮಗ, ಹೆತ್ತ ಮಗಳು ಹೇಗೆ ತಾನೆ ಚರಿತ್ರೆ ಬರೆಯಬಲ್ಲರು, ಅವರಿಗೆ ಕಾಣುವುದು ತಮ್ಮ ಸಂಕಟ ಮಾತ್ರ ಎಂಬ ಮಾತು. ಸಾಕ್ಷ್ಯಚಿತ್ರ ಎಂಬ ನಮ್ಮ ಪದದಲ್ಲೇ ಸಾಕ್ಷಿ ಇದ್ದಾನೆ. ಆದರೆ ಈ ಚಿತ್ರಗಳಲ್ಲಿ ಮಕ್ಕಳು ಸಾಕ್ಷಿಗಳೇ ಅಲ್ಲ. ಹನ್ನೊಂದು ವರ್ಷದ ಹುಡುಗನಿಗೆ, ಮೂರು ವರ್ಷದ ಕೂಸಿಗೆ ಏನು ಗೊತ್ತಿರಲು ಸಾಧ್ಯ? ಗೊತ್ತಿಲ್ಲವೆಂದೇ ಅವರು ಹತ್ತು ಬಾಗಿಲು ತಟ್ಟುತ್ತಾರೆ. ತಟ್ಟಿದಾಗ ಎದುರು ಬಂದವರು ವಿದ್ವಾಂಸನಿಗೆ ಹೇಳುವ ಮಾತಿಗೂ, ಇಂಥವರ ಮಗ ಎಂದು ನಿಂತವನಿಗೆ ಹೇಳುವ ಮಾತಿಗೂ ಅಜಗಜಾಂತರ. ಫಿಲಡೆಲ್ಫಿಯಾದ ನಗರ ಯೋಜಕ ಎಡ್ಮಂಡ್ ಬೇಕನ್, ನಿಮ್ಮಪ್ಪನ ಯೋಜನೆಗಳು ಕೆಲಸಕ್ಕೆ ಬಾರದವು ಎಂಬ ಸಿಟ್ಟನ್ನು ಮಗನ ಮುಖಕ್ಕೇ ಕಾರುತ್ತಾರೆ, ಮಗ ಅದನ್ನು ಕತ್ತರಿಸದೆ ಉಳಿಸಿದ್ದಾನೆ. ಪಕ್ಷಪಾತ ಇದೆ, ಇರಲಿ. ಅದು ಪರದೆಯ ಮೇಲೆ ಎಲ್ಲರಿಗೂ ಕಾಣುವಂತೆ ಇದೆ, ಆದ್ದರಿಂದ ನೋಡುವವರು ಅದನ್ನು ಕಳೆದು ಲೆಕ್ಕ ಹಾಕಬಹುದು. ಅಧಿಕೃತ ಜೀವನಚರಿತ್ರೆಗಳಲ್ಲಿ ಅಡಗಿ ಕೂತಿರುವ ಪಕ್ಷಪಾತಕ್ಕೆ ಈ ಸೌಕರ್ಯವಿಲ್ಲ.

ಎರಡನೆಯ ಆಕ್ಷೇಪ ನಮ್ಮ ಮನಸ್ಸಿಗೆ ಹತ್ತಿರದ್ದು. ಸತ್ತವರ ಬಗ್ಗೆ ಕೆಟ್ಟದ್ದಾಡಬಾರದು, ಎದ್ದುಬಂದು ಉತ್ತರ ಹೇಳಲಾರದವರ ಗುಟ್ಟನ್ನು ಬೀದಿಗೆ ತರಬಾರದು ಎಂದು ನಾವು ಕಲಿತಿದ್ದೇವೆ. ಮಹಾಲಯ ಅಮಾವಾಸ್ಯೆಯಂದು ಎಡೆ ಇಡುವಾಗ ಹೋದವರಿಗೆ ಇಷ್ಟವಾದ ತಿಂಡಿಯನ್ನೇ ಮಾಡಿಡುತ್ತೇವೆ. ಅವರಿಗೆ ಇಷ್ಟವಾಗದ ಪ್ರಶ್ನೆಯನ್ನು ಆ ಎಲೆಯ ಮುಂದೆ ಯಾರೂ ಕೇಳುವುದಿಲ್ಲ. ಈ ಮರ್ಯಾದೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ದುಃಖದಲ್ಲಿರುವ ಮನೆಗೆ ಅದು ಬೇಕು. ಆದರೆ ಮೌನದ ಫಲ ಯಾರಿಗೆ ಸಲ್ಲುತ್ತದೆ ಎಂದು ಕೇಳಲೇಬೇಕು. ಕಾನ್ ಅವರ ಮಾನ ಕಾಯ್ದ ಮೌನ ಇಬ್ಬರು ಹೆಂಗಸರನ್ನೂ ಇಬ್ಬರು ಮಕ್ಕಳನ್ನೂ ನಿಧನವಾರ್ತೆಯಿಂದ ಅಳಿಸಿತ್ತು. ಲೂಡಿನ್ ಮನೆಯ ಮೌನ ಸಾವಿರಾರು ಹೆಣಗಳ ಮೇಲೆ ಹೊದಿಸಿದ ಬಟ್ಟೆಯಾಗಿತ್ತು. ಸತ್ತವರಿಗೆ ಗೌರವ ಸಲ್ಲಲಿ. ಬದುಕಿರುವವರ ಹೆಸರಳಿಸಿ ಸಲ್ಲಿಸುವ ಗೌರವಕ್ಕೆ ಮಾತ್ರ ಅರ್ಥವಿಲ್ಲ. ಕನ್ನಡದಲ್ಲಿ ಇಂಥ ಬಿಚ್ಚುಮಾತು ಇಲ್ಲವೇ ಇಲ್ಲ ಎಂದೇನಲ್ಲ. ಪೂರ್ಣಚಂದ್ರ ತೇಜಸ್ವಿ 1996ರಲ್ಲಿ 'ಅಣ್ಣನ ನೆನಪು' ತಂದಾಗ, ನಾಡೇ ಪೂಜಿಸುವ ತಂದೆ ಕುವೆಂಪು ಅವರನ್ನು ಪೀಠದಿಂದ ಇಳಿಸಿ ಮನೆಯ ಜಗಲಿಯ ಮೇಲೆ ಕೂರಿಸಿದರು. ಓದುಗರು ಅದನ್ನು ಅಗೌರವ ಎನ್ನಲಿಲ್ಲ, ಎದೆಗೆ ಹಚ್ಚಿಕೊಂಡರು. ಆದರೆ ಬರಹಗಾರ ತನ್ನ ನೆನಪನ್ನೇ ನೆಚ್ಚಿ ಕೂರಬಹುದು. ಕ್ಯಾಮೆರಾ ಹಿಡಿದವರಿಗೆ ಆ ಸೌಲಭ್ಯವಿಲ್ಲ, ಬೇರೊಬ್ಬರ ಮುಖದ ಮುಂದೆ ಹೋಗಿ ನಿಲ್ಲಲೇಬೇಕು.

ಮೂರನೆಯ ಆಕ್ಷೇಪ ಸತ್ಯದ್ದು. 'ಸ್ಟೋರೀಸ್ ವಿ ಟೆಲ್' ಚಿತ್ರದಲ್ಲಿ ಡಯೇನ್ ನಗುವ, ಕುಣಿಯುವ ಸೂಪರ್ 8 ತುಣುಕುಗಳನ್ನು ನಾವು ಹಳೆಯ ಮನೆ ಸಿನಿಮಾ ಎಂದೇ ನಂಬುತ್ತೇವೆ. ಆಮೇಲೆ ತಿಳಿಯುತ್ತದೆ, ಅವುಗಳಲ್ಲಿ ಹಲವನ್ನು ನಟನಟಿಯರನ್ನು ಇಟ್ಟು ಹೊಸದಾಗಿ ಚಿತ್ರಿಸಲಾಗಿದೆ. ಕಾರ್ರಿ ತನ್ನ ಪಾತ್ರಕ್ಕೆ ಒಬ್ಬ ನಟಿಯನ್ನು ಹಾಕಿ, ತಂದೆತಾಯಿಯ ಅಪಹರಣವನ್ನು ಪ್ಲೇಮೊಬಿಲ್ ಎಂಬ ಪುಟ್ಟ ಪ್ಲಾಸ್ಟಿಕ್ ಗೊಂಬೆಗಳಿಂದ ತೋರಿಸುತ್ತಾರೆ: ಕತ್ತಲ ರಸ್ತೆಯಲ್ಲಿ ಕಾರು, ಮೇಲಿನಿಂದ ಬಂದು ಎಳೆದೊಯ್ಯುವ ಹಾರುವ ತಟ್ಟೆ. ಇದು ದಾಖಲೆಯೇ ಎಂದು ಕೇಳಿದವರುಂಟು. ಅರ್ಜೆಂಟೀನಾದ ರಾಷ್ಟ್ರೀಯ ಸಿನಿಮಾ ಸಂಸ್ಥೆ ತಂದೆತಾಯಿಯ ಒಡನಾಡಿಗಳ ಸಾಕ್ಷ್ಯ ಇನ್ನಷ್ಟು ಬೇಕೆಂದು ಬರೆದ ಪತ್ರವನ್ನು ಕಾರ್ರಿ ಚಿತ್ರದಲ್ಲೇ ಓದಿಸಿದ್ದಾರೆ. ಆಕ್ಷೇಪದಲ್ಲಿ ನ್ಯಾಯವಿದೆ. ಕಲ್ಪನೆಯನ್ನು ದಾಖಲೆಯೆಂದು ದಾಟಿಸಿದರೆ ಅದು ಮೋಸವೇ. ಆದರೆ ಇಬ್ಬರೂ ತಾವು ಕಟ್ಟಿದ್ದನ್ನು ಕಟ್ಟಿದ್ದೆಂದು ತೋರಿಸಿಯೇ ಚಿತ್ರ ಮುಗಿಸುತ್ತಾರೆ. ಮೂರು ವರ್ಷದ ಮಗುವಿಗೆ ಅಪ್ಪ ಅಮ್ಮ ಇದ್ದಕ್ಕಿದ್ದಂತೆ ಇಲ್ಲವಾದದ್ದು ಅರ್ಥವಾಗುವ ಭಾಷೆ ಗೊಂಬೆಯಾಟದ್ದೇ. ಆ ದೃಶ್ಯ ಘಟನೆಯ ದಾಖಲೆಯಾಗಿ ನಿಲ್ಲದಿದ್ದರೂ ಮಗು ಹೊತ್ತು ಬೆಳೆದ ಭಾರಕ್ಕೆ ದಾಖಲೆಯಾಗಿ ನಿಲ್ಲುತ್ತದೆ.

ಕಾಲ ಕಳೆದಂತೆ ಈ ಲೆಕ್ಕಕ್ಕೆ ಇನ್ನೊಂದು ಸಾಲು ಸೇರಿದೆ. 'ಮೈ ಆರ್ಕಿಟೆಕ್ಟ್'ನಲ್ಲಿ ಮಾತಾಡಿದ ಜಾನ್ಸನ್ ಮತ್ತು ಬೇಕನ್ 2005ರಲ್ಲಿ ತೀರಿಕೊಂಡರು. ಆನ್ ಟಿಂಗ್ 2011ರಲ್ಲಿ, ಪೇ 2019ರಲ್ಲಿ, ದೋಶಿ 2023ರಲ್ಲಿ. ಸಾರಾ ಪೋಲಿಯ ಇಬ್ಬರು ತಂದೆಯರೂ 2018ರಲ್ಲಿ ಹೋದರು. ಒಬ್ಬರೇ ಒಬ್ಬರನ್ನು ಹುಡುಕಲು ತೆಗೆದ ಚಿತ್ರ ಇಪ್ಪತ್ತು ವರ್ಷದೊಳಗೆ ಒಂದು ತಲೆಮಾರಿನ ದನಿ ಕಾದಿಟ್ಟ ಕಣಜವಾಗಿದೆ. 'ಮೈ ಆರ್ಕಿಟೆಕ್ಟ್' ಬಂದಾಗ ಮಗನ ಪ್ರಶ್ನೆಗೆ ಉತ್ತರ ಕೊಡುವ ತಾಯಿಯಾಗಿ ಮಾತ್ರ ಕಾಣಿಸಿಕೊಂಡಿದ್ದ ಹ್ಯಾರಿಯಟ್ ಪ್ಯಾಟಿಸನ್, 2020ರಲ್ಲಿ ಕಾನ್ ತಮಗೆ ಬರೆದ ಪತ್ರಗಳೊಂದಿಗೆ ತಮ್ಮದೇ ಆತ್ಮಕತೆ ಪ್ರಕಟಿಸಿದರು. ತೊಂಬತ್ತು ದಾಟಿದ್ದ ಆಕೆ ಮೂರು ವರ್ಷದ ನಂತರ, 2023ರಲ್ಲಿ ತೀರಿಕೊಂಡರು. 1974ರ ನಿಧನವಾರ್ತೆಯಲ್ಲಿ ಜಾಗ ಸಿಗದ ಹೆಂಗಸಿಗೆ ಈ ಸಲ ತಾನೇ ಬರೆದ ಪುಸ್ತಕವಿತ್ತು, ಹೆಸರಿತ್ತು, ಕೆಲಸದ ಪಟ್ಟಿಯಿತ್ತು. ಮಗ ಹುಡುಕಲು ಹೊರಟದ್ದು ಅಪ್ಪನನ್ನು. ತೀರಿದ್ದು ಅಮ್ಮನ ಬಾಕಿ.